ಹಗ್ಗ ಹಿಡಿದು ಗೋಡೆ ಇಳಿದ ಇಬ್ಬರು ಪಂಡಿತರು: ಡಮಾಸ್ಕಸ್, 1401

ಊರಿನ ಗೋಡೆಯ ಹೊರಗೆ ಶತ್ರುವಿನ ದಂಡು ಬೀಡುಬಿಟ್ಟಿದೆ. ಒಳಗೆ ರಾಜನಿಲ್ಲ. ರಾಜನ ಜೊತೆ ಬಂದಿದ್ದ ಸೈನ್ಯವೂ ಇಲ್ಲ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎಲ್ಲ ಖಾಲಿ. ಈಗ ಯಾರಾದರೂ ಹೊರಗೆ ಹೋಗಿ ಮಾತಾಡಬೇಕು. ಯಾರು ಹೋಗಬೇಕು?

1401ರ ಜನವರಿಯಲ್ಲಿ ಡಮಾಸ್ಕಸ್‌ ನಗರ ಈ ಪ್ರಶ್ನೆಗೆ ಕೊಟ್ಟ ಉತ್ತರ: ಓದಿದವರು ಹೋಗಲಿ, ಧರ್ಮಶಾಸ್ತ್ರ ಬಲ್ಲವರು ಹೋಗಲಿ. ಹಾಗೆ ಇಬ್ಬರು ಪಂಡಿತರು ಬೇರೆ ಬೇರೆ ದಿನ, ಬೇರೆ ಬೇರೆ ಕಾರಣಕ್ಕೆ, ಕೋಟೆ ಗೋಡೆಯಿಂದ ಕೆಳಗಿಳಿದರು. ಇಬ್ಬರೂ ಮಧ್ಯ ಏಷ್ಯಾದಿಂದ ದಂಡೆತ್ತಿ ಬಂದಿದ್ದ ತೈಮೂರನ ಡೇರೆಗೆ ಹೋದರು. ಇಬ್ಬರಿಗೂ ಅಲ್ಲಿ ಮರ್ಯಾದೆ ಸಿಕ್ಕಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಊರು ಸುಟ್ಟುಹೋಯಿತು.

ಈ ಬರಹದಲ್ಲಿ ಇಬ್ಬರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಒಬ್ಬರು ಜಗತ್ತಿಗೇ ಗೊತ್ತಿರುವವರು. ಹೆಸರು ಹೇಳಿದ ಕೂಡಲೇ ಓದುವವರ ಮನಸ್ಸಿನಲ್ಲಿ ತೀರ್ಪು ಮೊದಲೇ ಬಂದು ಕೂತುಬಿಡುತ್ತದೆ. ಇನ್ನೊಬ್ಬರು ಚರಿತ್ರೆಯಲ್ಲಿ ಉಳಿದಿರುವುದೇ 'ಮೋಸಹೋದವರು' ಎಂಬ ಹಣೆಪಟ್ಟಿಯ ಜೊತೆ. ಅದೂ ನ್ಯಾಯವಲ್ಲ. ಹಾಗಾಗಿ ಊರಿನ ನ್ಯಾಯಾಧೀಶರನ್ನು 'ಖಾಜಿ' ಎಂದೂ, ಹೊರಗಿನಿಂದ ಬಂದು ಆ ಹೊತ್ತಿಗೆ ಊರಿನಲ್ಲಿ ಸಿಕ್ಕಿಕೊಂಡವರನ್ನು 'ಅತಿಥಿ' ಎಂದೂ ಕರೆಯುತ್ತೇನೆ. ನಮಗೆ ಬೇಕಿರುವುದು ಅವರು ಯಾವ ಗಳಿಗೆಯಲ್ಲಿ ಏನು ನಿರ್ಧಾರ ಮಾಡಿದರು ಎನ್ನುವುದು.

ಹಿನ್ನೆಲೆ

ಡಮಾಸ್ಕಸ್ ಆಗ ಕೈರೋದಲ್ಲಿದ್ದ ಮಾಮ್ಲೂಕ್ ಸುಲ್ತಾನರ ಕೈಕೆಳಗಿತ್ತು. ತೈಮೂರ 1398ರ ಡಿಸೆಂಬರಿನಲ್ಲಿ ದೆಹಲಿಯನ್ನು ಕೊಳ್ಳೆಹೊಡೆದಿದ್ದ. ಅವನ ಹೆಸರು ಎಲ್ಲಿವರೆಗೆ ಮುಟ್ಟಿತ್ತೆಂದರೆ, ನಮ್ಮ ಕಲಬುರಗಿಯಲ್ಲಿ ಆಳುತ್ತಿದ್ದ ಫಿರೋಜ್ ಶಾ ಬಹಮನಿ ಕೂಡ ಅವನಿಗೆ ಕಾಣಿಕೆಯ ಜೊತೆ ರಾಯಭಾರಿಗಳನ್ನು ಕಳಿಸಿದ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ದೆಹಲಿಯಿಂದ ಹಿಂದಿರುಗಿದ ಮೇಲೆ ತೈಮೂರ ಪಶ್ಚಿಮಕ್ಕೆ ತಿರುಗಿದ. ಅವನ ದೂತನೊಬ್ಬನನ್ನು ಡಮಾಸ್ಕಸ್ಸಿನ ಅಧಿಪತಿ ಕೊಲ್ಲಿಸಿದ್ದ. ದೂತನನ್ನು ಕೊಂದರೆ ಏನಾಗುತ್ತದೆ ಅನ್ನೋದು ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು.

1400ರ ಅಕ್ಟೋಬರ್ ಕೊನೆಗೆ ಉತ್ತರದ ಅಲೆಪ್ಪೋ ನಗರ ಅವನ ಕೈಗೆ ಬಿತ್ತು. ಅಲ್ಲಿ ನಡೆದದ್ದು ಡಮಾಸ್ಕಸ್ಸಿನ ಬೀದಿಬೀದಿಗೂ ಮುಟ್ಟಿತು. ಕೈರೋದಿಂದ ಸುಲ್ತಾನ್ ಫರಜ್ ಸೈನ್ಯದೊಂದಿಗೆ ಬಂದ. ಅವನಿಗಾಗ ಹದಿನೈದೂ ತುಂಬಿರಲಿಲ್ಲ. ಹುಡುಗ. ಅಧಿಕಾರವೆಲ್ಲ ಸುತ್ತಲಿನ ಸರದಾರರ ಕೈಯಲ್ಲಿ. ಡಿಸೆಂಬರಿನಲ್ಲಿ ಸಣ್ಣಪುಟ್ಟ ಕಾಳಗ ನಡೆದವು. ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ. ಅಷ್ಟರಲ್ಲಿ, ಕೆಲವು ಸರದಾರರು ಕೈರೋಗೆ ಓಡಿಹೋಗಿ ಸಿಂಹಾಸನದ ಮೇಲೆ ಬೇರೆಯವರನ್ನು ಕೂರಿಸಲು ಹೊರಟಿದ್ದಾರೆ ಎಂಬ ಸುದ್ದಿ ಬಂತು. ಜನವರಿಯ ಮೊದಲ ವಾರ, ರಾತ್ರೋರಾತ್ರಿ, ಸುಲ್ತಾನನ ಕಡೆಯವರು ಅವನನ್ನು ಕರೆದುಕೊಂಡು ಕೈರೋ ದಾರಿ ಹಿಡಿದರು.

ಅತಿಥಿ ಈ ಸೈನ್ಯದ ಜೊತೆಗೇ ಬಂದವರು. ವಯಸ್ಸು ಎಪ್ಪತ್ತರ ಹತ್ತಿರ. ಮೂಲ ಮಗ್ರೆಬ್, ಅಂದರೆ ಉತ್ತರ ಆಫ್ರಿಕಾದ ಪಶ್ಚಿಮ ಭಾಗ. ಕೈರೋದಲ್ಲಿ ನ್ಯಾಯಾಧೀಶರಾಗಿದ್ದು, ಸ್ವಲ್ಪ ಹಿಂದಷ್ಟೇ ಆ ಹುದ್ದೆ ಕಳೆದುಕೊಂಡಿದ್ದರು. ಹುದ್ದೆಯಿಲ್ಲದಿದ್ದರೂ ಜೊತೆಗೆ ಬನ್ನಿ ಎಂದು ಸುಲ್ತಾನನ ಕಡೆಯವರು ಕರೆದುಕೊಂಡು ಬಂದಿದ್ದರು. ಹೋಗುವಾಗ ಬಿಟ್ಟುಹೋದರು.

ಊರಿನವರಿಗೆ ಒಂದು ಹಳೆಯ ನೆನಪಿತ್ತು. ಇದನ್ನು ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಸುಮಾರು ನೂರು ವರ್ಷದ ಹಿಂದೆ, 1299ರ ಕೊನೆಯಲ್ಲಿ, ಮಂಗೋಲ ದೊರೆ ಘಾಜಾನ್ ಇದೇ ರೀತಿ ಬಂದಿದ್ದ. ಆಗಲೂ ಸುಲ್ತಾನನ ಸೈನ್ಯ ಸೋತು ಈಜಿಪ್ಟಿಗೆ ಹೋಗಿತ್ತು. ಆಗಲೂ ಊರಿನ ಪಂಡಿತರೇ ಗುಂಪು ಕಟ್ಟಿಕೊಂಡು ಹೋಗಿ ಅವನಿಂದ 'ಅಮಾನ್' ತಂದರು. ಅಮಾನ್ ಅಂದರೆ ಪ್ರಾಣಕ್ಕೂ ಆಸ್ತಿಗೂ ಅಭಯ. ಆಗ ಹಣ ಸುಲಿದರು, ಊರ ಹೊರಗಿನ ಬಡಾವಣೆ ಲೂಟಿಯಾಯಿತು. ಆದರೂ ಗೋಡೆಯೊಳಗಿನ ಊರು ಉಳಿಯಿತು. ಆಗ ಒಳಕೋಟೆಯ ಕಿಲ್ಲೇದಾರ ಮಾತ್ರ ಬಾಗಿಲು ತೆಗೆಯಲು ಒಪ್ಪಿರಲಿಲ್ಲ. ಕೊನೆವರೆಗೂ ಒಳಕೋಟೆ ಮಂಗೋಲರ ಕೈಗೆ ಸಿಗಲಿಲ್ಲ. ಊರು ಉಳಿದದ್ದರಲ್ಲಿ ಪಂಡಿತರ ಮಾತಿನ ಪಾಲು ಎಷ್ಟು, ಬೀಗ ಹಾಕಿದ ಆ ಒಳಕೋಟೆಯ ಪಾಲು ಎಷ್ಟು? ನೂರು ವರ್ಷದ ನಂತರದವರಿಗೆ ಪಂಡಿತರ ಪಾಲು ಮಾತ್ರ ನೆನಪಿದ್ದಂತೆ ಕಾಣುತ್ತದೆ.

ಸಮಸ್ಯೆ

ಊರಿನ ಮುಂದೆ ಎರಡೇ ದಾರಿ ಇದ್ದವು. ಗೋಡೆ ಗಟ್ಟಿಯಾಗಿತ್ತು, ಜನ ಹತ್ತಿ ನಿಂತು ಕಾದಾಡಬಹುದಿತ್ತು. ಸುಲ್ತಾನ ಹೋದ ಮೇಲೂ ಊರಿನವರು ಬಾಗಿಲು ಹಾಕಿಕೊಂಡು ಗೋಡೆಯ ಮೇಲಿಂದ ಚೆನ್ನಾಗಿಯೇ ಹೋರಾಡಿದರು ಎಂದು ಈಜಿಪ್ಟಿನವನೊಬ್ಬ ಆಮೇಲೆ ಬರೆದ ಚರಿತ್ರೆ ಹೇಳುತ್ತದೆ. ಇಲ್ಲವೇ ಮಾತುಕತೆ.

ಮೊದಲು ಮಾತು ಎತ್ತಿದ್ದು ಯಾರು ಎನ್ನುವುದರಲ್ಲಿ ಮೂಲಗಳು ಒಂದಾಗುವುದಿಲ್ಲ. ಅತಿಥಿ ಬರೆದಿಟ್ಟ ಪ್ರಕಾರ, ಅವರು ಇಳಿದುಕೊಂಡಿದ್ದ ಆದಿಲಿಯ್ಯಾ ಮದರಸಾಕ್ಕೆ ಖಾಜಿಗಳು, ಶಾಸ್ತ್ರಜ್ಞರು ಬಂದು ಸಭೆ ಸೇರಿ ಅಮಾನ್ ಕೇಳೋಣ ಎಂದು ತೀರ್ಮಾನ ಮಾಡಿದರು. ಈಜಿಪ್ಟಿನ ಚರಿತ್ರೆಯ ಪ್ರಕಾರ, ತೈಮೂರನ ಕಡೆಯ ಇಬ್ಬರು ಗೋಡೆಯ ಕೆಳಗೆ ನಿಂತು, ಅಮೀರರಿಗೆ (ಅಂದರೆ ತೈಮೂರನಿಗೆ) ಶಾಂತಿ ಬೇಕಾಗಿದೆ, ಮಾತಾಡಲು ಬುದ್ಧಿವಂತನೊಬ್ಬನನ್ನು ಕಳಿಸಿ ಎಂದು ಕೂಗಿದರು. ಈ ವ್ಯತ್ಯಾಸ ಸಣ್ಣದಲ್ಲ. ಯಾರು ಮೊದಲು ಕರೆದರೋ ಅವರಿಗೆ ಜಾಸ್ತಿ ಅವಸರ ಇದೆ ಎಂದರ್ಥ. ಗೋಡೆ ಏರಲಾಗದೆ ತೈಮೂರನೇ ಕರೆದಿದ್ದರೆ, ಊರಿನ ಕೈಯಲ್ಲಿ ತಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಲ ಇತ್ತು.

ಎರಡೂ ಮೂಲ ಒಪ್ಪುವ ಒಂದು ಸಂಗತಿ ಇದೆ. ಒಳಕೋಟೆಯ ಕಿಲ್ಲೇದಾರ ಇದಕ್ಕೆ ಒಪ್ಪಲಿಲ್ಲ. ಪಂಡಿತರು ಅವನನ್ನು ಬಿಟ್ಟೇ ಮುಂದುವರಿದರು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಮೊದಲ ತಿರುವು ಇದೇ. ಊರಿನಲ್ಲಿ ಆಯುಧ ಉಳಿದಿದ್ದು, ಶಿಸ್ತಿನ ಪಡೆ ಉಳಿದಿದ್ದು ಅವನೊಬ್ಬನ ಹತ್ತಿರ. ಅವನು ಇಲ್ಲದ ಸಭೆಯಲ್ಲಿ ಊರಿನ ಪರವಾಗಿ ಮಾತು ಕೊಡುವ ತೀರ್ಮಾನ ಆಯಿತು.

ಖಾಜಿ ಹೋದದ್ದು

ಖಾಜಿಯನ್ನೇ ಆರಿಸಲು ಕಾರಣ ಇತ್ತು. ದೊಡ್ಡ ಮನೆತನದ ಶಾಸ್ತ್ರಜ್ಞರು. ಜನ ಅವರ ಮಾತು ಕೇಳುತ್ತಿದ್ದರು. ಜೊತೆಗೆ ತುರ್ಕಿ ಭಾಷೆ ಬರುತ್ತಿತ್ತು, ನಡುವೆ ದುಭಾಷಿ ಬೇಕಾಗುತ್ತಿರಲಿಲ್ಲ. ಬಾಗಿಲು ತೆಗೆಯುವಂತಿರಲಿಲ್ಲ. ಗೋಡೆಯ ಮೇಲಿಂದ ಅವರನ್ನು ಇಳಿಸಿದರು.

ತೈಮೂರ ಅವರ ಜೊತೆ ಬಹಳ ಮೃದುವಾಗಿ ಮಾತಾಡಿದ. ಇದು ಪ್ರವಾದಿಗಳ ಊರು, ಪೈಗಂಬರರ ಸಂಗಾತಿಗಳು ಓಡಾಡಿದ ಊರು, ಅವರ ಹೆಸರಿನಲ್ಲಿ ಈ ಊರನ್ನು ಬಿಟ್ಟುಕೊಡುತ್ತೇನೆ, ನನ್ನ ಮತ್ತು ನನ್ನ ಮಕ್ಕಳ ದಾನ ಎಂದುಕೊಳ್ಳಿ, ದೂತನನ್ನು ಕೊಂದ ಅಧಿಪತಿಯ ಮೇಲಿನ ಸಿಟ್ಟಿಗಷ್ಟೇ ಬಂದವನು ನಾನು. ಇದು ಅವನ ಮಾತಿನ ಸಾರ. ಆ ಅಧಿಪತಿ ಅಷ್ಟರಲ್ಲಾಗಲೇ ಅಲೆಪ್ಪೋದಲ್ಲಿ ಸೆರೆ ಸಿಕ್ಕಿದ್ದ.

ಗಮನಿಸಿ, ಇದು ಪಂಡಿತರಿಗಾಗಿಯೇ ಆರಿಸಿದ ಮಾತು. ಸೇನಾಪತಿಯೊಬ್ಬ ಹೋಗಿದ್ದರೆ ತೈಮೂರ ಕುದುರೆ, ಪಡೆ, ಗಡುವು ಅಂತ ಮಾತಾಡುತ್ತಿದ್ದ. ಶಾಸ್ತ್ರಜ್ಞರ ಹತ್ತಿರ ಪವಿತ್ರ ಭೂಮಿ, ದಾನ, ಪೈಗಂಬರ ಅಂತ ಮಾತಾಡಿದ. ಎದುರಿಗಿದ್ದವರು ಜೀವಮಾನವಿಡೀ ಯಾವ ಮಾತನ್ನು ಗೌರವಿಸುತ್ತಾ ಬಂದಿದ್ದರೋ ಅದೇ ಮಾತು.

ಖಾಜಿ ವಾಪಸ್ ಬಂದು ಜನರ ಮುಂದೆ ತೈಮೂರನನ್ನು ಹೊಗಳಿದರು. ಅವನ ಧರ್ಮಶ್ರದ್ಧೆ, ಅವನ ಒಳ್ಳೆಯತನ. ಹೋರಾಟ ಬಿಡಿ ಎಂದರು. ಜನ ಎರಡು ಭಾಗವಾದರು. ಕಾದಾಡೋಣ ಎನ್ನುವವರೇ ಮೊದಲು ಜಾಸ್ತಿ ಇದ್ದರು. ಒಂದೇ ರಾತ್ರಿಯಲ್ಲಿ ಅದು ತಿರುಗಿತು. ಬೆಳಗಾಗುವಾಗ ಖಾಜಿಯ ಮಾತೇ ನಡೆಯುವ ಹಾಗಾಗಿತ್ತು.

ನನಗೆ ಇಲ್ಲಿ ಎರಡನೇ ತಿರುವು ಕಾಣುತ್ತದೆ. ಹೋಗಿದ್ದು ಸಂದೇಶ ತರಲು. ಬಂದವರು ಸಂದೇಶ ಹೇಳಿ ಸುಮ್ಮನಾಗಲಿಲ್ಲ. ಅವನು ಹೀಗೆಂದ, ನಾನು ಇಷ್ಟು ನೋಡಿದೆ, ಇಷ್ಟು ನೋಡಲಿಲ್ಲ, ತೀರ್ಮಾನ ನಿಮ್ಮದು ಎನ್ನಬಹುದಿತ್ತು. ಅದರ ಬದಲು ಅವನ ಒಳ್ಳೆಯತನಕ್ಕೆ ತಾವೇ ಸಾಕ್ಷಿ ನಿಂತರು. ನಮ್ಮ ಕಡೆ ಸಾಲದ ವ್ಯವಹಾರ ನೋಡಿದವರಿಗೆ ಇದು ಗೊತ್ತಾಗುತ್ತದೆ. ಪರಿಚಯ ಮಾಡಿಸುವುದು ಬೇರೆ, ಜಾಮೀನು ನಿಲ್ಲುವುದು ಬೇರೆ. ಖಾಜಿ ತಮಗೇ ತಿಳಿಯದೆ ತೈಮೂರನಿಗೆ ಜಾಮೀನು ನಿಂತುಬಿಟ್ಟರು. ಅಡವಿಟ್ಟದ್ದು ತಮ್ಮ ಮೇಲೆ ಊರಿಗಿದ್ದ ನಂಬಿಕೆಯನ್ನು.

ಮುಂದಿನ ಹೆಜ್ಜೆ ಕಾಣಿಕೆ ಒಯ್ಯುವುದು. ತೈಮೂರನ ಪದ್ಧತಿಯಂತೆ ಪ್ರತಿ ಬಗೆಯ ವಸ್ತುವೂ ಒಂಬತ್ತೊಂಬತ್ತು ಇರಬೇಕು. ಖಾಜಿ ಬಾಬ್ ಅಲ್-ನಸ್ರ್ ಎಂಬ ಬಾಗಿಲು ತೆಗೆಸಲು ನೋಡಿದರು. ಅದು ಒಳಕೋಟೆಗೆ ಹತ್ತಿರದ ಬಾಗಿಲು. ತೆಗೆದರೆ ಊರನ್ನೇ ಸುಡುತ್ತೇನೆ ಎಂದು ಕಿಲ್ಲೇದಾರ ಬೆದರಿಸಿದ. ಕೊನೆಗೆ ಊರಿನ ಹಿರಿಯರು ಕಾಣಿಕೆ ಸಮೇತ ಮತ್ತೆ ಗೋಡೆಯಿಂದಲೇ ಇಳಿದರು. ರಾತ್ರಿ ಅಲ್ಲೇ ಉಳಿದರು. ಬರುವಾಗ ಅವರಲ್ಲಿ ಕೆಲವರ ಕೈಯಲ್ಲಿ ಹುದ್ದೆಗಳಿದ್ದವು: ಇವರು ಖಾಜಿ, ಇವರು ವಜೀರ, ಇವರು ಹಣ ವಸೂಲಿ ಮಾಡುವವರು. ಜೊತೆಗೆ ಒಂದು ಕಾಗದ. ಕೆಲವೇ ಸಾಲಿನ ಅಭಯಪತ್ರ. ಅದನ್ನು ಉಮಯ್ಯದ್ ಮಸೀದಿಯ ಪ್ರವಚನ ಪೀಠದ ಮೇಲೆ ನಿಂತು ಜನರಿಗೆ ಓದಿ ಹೇಳಿದರು. ಬಾಬ್ ಅಲ್-ಸಗೀರ್ ಬಾಗಿಲು ತೆರೆಯಿತು. ತೈಮೂರನ ಸರದಾರನೊಬ್ಬ ಬಂದು ಕಾವಲು ಕೂತ.

ಆ ಪೀಠದ ಮೇಲಿಂದ ಕೇಳಿದ ಕಾಗದವನ್ನು ಜನ ಸೇನಾಪತಿಯ ಕಾಗದ ಎಂದುಕೊಳ್ಳಲಿಲ್ಲ ಎಂದೇ ನನಗನಿಸುತ್ತದೆ. ಶುಕ್ರವಾರದ ಪ್ರವಚನ ಕೇಳಿಸುವ ಜಾಗದಿಂದ ಅದು ಕೇಳಿಸಿತು. ಅದೇ ದನಿಯಲ್ಲಿ.

ಅತಿಥಿ ಹೋದದ್ದು

ಖಾಜಿ ಮೊದಲ ಸಲ ಹೋದಾಗಲೇ ತೈಮೂರ ಅತಿಥಿಯ ಬಗ್ಗೆ ವಿಚಾರಿಸಿದ್ದ. ಸೈನ್ಯದ ಜೊತೆ ವಾಪಸ್ ಹೋದರಾ, ಊರಲ್ಲೇ ಇದ್ದಾರಾ ಎಂದು. ಆ ರಾತ್ರಿ ದೊಡ್ಡ ಮಸೀದಿಯಲ್ಲಿ ಜಗಳವಾಯಿತು. ಶರಣಾಗತಿಗೆ ಒಪ್ಪದವರು ಗಲಾಟೆ ಎಬ್ಬಿಸಿದರು. ಸುದ್ದಿ ಮಧ್ಯರಾತ್ರಿ ಅತಿಥಿಗೆ ಮುಟ್ಟಿತು. ಅವರಿಗೆ ಜೀವಭಯವಾಯಿತು. ಇದನ್ನು ಅವರು ಮುಚ್ಚಿಟ್ಟಿಲ್ಲ, ತಾವೇ ಬರೆದಿದ್ದಾರೆ. ನಸುಕಿನಲ್ಲಿ ಬಾಗಿಲ ಬಳಿ ಇದ್ದ ಖಾಜಿಗಳ ಹತ್ತಿರ ಹೋಗಿ, ನನ್ನನ್ನು ಹೊರಗೆ ಬಿಡಿ, ಇಲ್ಲವೇ ಗೋಡೆಯಿಂದ ಇಳಿಸಿ ಎಂದರು. ಮೊದಲು ಹಿಂದೆಮುಂದೆ ನೋಡಿದರು. ಆಮೇಲೆ ಹಗ್ಗ ಬಿಟ್ಟರು. ಎಪ್ಪತ್ತರ ಹತ್ತಿರದ ವೃದ್ಧರು ಜನವರಿಯ ಚಳಿಯಲ್ಲಿ ಕೋಟೆ ಗೋಡೆ ಇಳಿದರು.

ಡೇರೆಯಲ್ಲಿ ತೈಮೂರ ಮೊಣಕೈ ಊರಿ ಒರಗಿದ್ದ. ಅವನ ಮುಂದೆ ಊಟದ ತಟ್ಟೆಗಳು ಬರುತ್ತಿದ್ದವು, ಅಲ್ಲಿಂದ ಡೇರೆಯ ಮುಂದೆ ಗುಂಪುಗುಂಪಾಗಿ ಕೂತ ಮಂಗೋಲರ ಕಡೆ ಹೋಗುತ್ತಿದ್ದವು. ಅತಿಥಿ ತಲೆ ಬಾಗಿದರು. ಅವನು ಕೈ ಚಾಚಿದ, ಮುತ್ತಿಟ್ಟರು. ನಡುವೆ ಖ್ವಾರಜಮಿನ ಶಾಸ್ತ್ರಜ್ಞನೊಬ್ಬ ದುಭಾಷಿ. ಆಮೇಲೆ ರಿಷ್ತಾ ಎಂಬ ಶ್ಯಾವಿಗೆಯಂಥ ಅಡುಗೆ ಬಂತು. ತೈಮೂರನ ಕಣ್ಣು ತಮ್ಮ ಮೇಲಿದೆ ಎಂದು ಅತಿಥಿಗೆ ಗೊತ್ತಿತ್ತು. ಎದ್ದು ತಟ್ಟೆ ತೆಗೆದುಕೊಂಡು ಖುಷಿಯಾಗಿ ಉಂಡರು. ಅದು ಅವನಿಗೆ ಹಿಡಿಸಿತು.

ಮಾತಿನ ಮಧ್ಯೆ ಬಾಗಿಲು ತೆರೆದ ಸುದ್ದಿ ಬಂತು. ತೈಮೂರನ ಮೊಣಕಾಲು ಸರಿಯಿರಲಿಲ್ಲ. ಅವನನ್ನು ಎತ್ತಿ ಕುದುರೆಯ ಮೇಲೆ ಕೂರಿಸಿದರು. ಗಾಳಿ ನಡುಗುವಂತೆ ವಾದ್ಯಗಳು ಮೊಳಗಿದವು.

ಅತಿಥಿ ಅವನ ಬಳಿ ಹೋಗಿಬಂದದ್ದು ಸುಮಾರು 35 ದಿನ. ಮೊದಲೇ ತೈಮೂರ ಒಂದು ಕೆಲಸ ಹೇಳಿದ್ದ: ಮಗ್ರೆಬ್ ನಾಡನ್ನು ಪೂರ್ತಿ ಬರೆದುಕೊಡಿ, ಬೆಟ್ಟ, ಹೊಳೆ, ಹಳ್ಳಿ, ಪಟ್ಟಣ, ಎಲ್ಲ ಕಣ್ಣಾರೆ ನೋಡಿದ ಹಾಗಿರಬೇಕು. ಅತಿಥಿ ಬರೆದುಕೊಟ್ಟರು. ಕೆಲವೇ ದಿನದಲ್ಲಿ, ಹನ್ನೆರಡು ಸಣ್ಣ ಕಟ್ಟುಗಳಾಗುವಷ್ಟು. ಅವರು ಅವನನ್ನು ಹೊಗಳಿದರು ಕೂಡ. ನಿಮ್ಮನ್ನು ನೋಡಬೇಕೆಂದು ಎಷ್ಟೋ ವರ್ಷದಿಂದ ಕಾದಿದ್ದೆ ಎಂದರು. ಯಾರೋ ಹೇಳಿದರು, ಬರಿಗೈಯಲ್ಲಿ ಹೋಗಬಾರದು ಎಂದು. ಪುಸ್ತಕದ ಅಂಗಡಿಯಿಂದ ಒಂದು ಚೆಂದದ ಕುರಾನ್ ಪ್ರತಿ, ಒಂದು ನಮಾಜಿನ ಹಾಸು, 'ಬುರ್ದಾ' ಸ್ತೋತ್ರದ ಒಂದು ಪ್ರತಿ, ಕೈರೋದ ಒಳ್ಳೆಯ ಸಿಹಿಯ ನಾಲ್ಕು ಪೆಟ್ಟಿಗೆ, ಇಷ್ಟನ್ನು ತೆಗೆದುಕೊಂಡು ಹೋದರು. ತೈಮೂರ ಎದ್ದು ಕುರಾನನ್ನು ತಲೆಯ ಮೇಲಿಟ್ಟುಕೊಂಡ. ಸಿಹಿಯನ್ನು ತಾನು ತಿಂದು ಸುತ್ತಲಿದ್ದವರಿಗೂ ಹಂಚಿಸಿದ.

ಇಲ್ಲಿವರೆಗೆ ನೋಡಿದರೆ ಇಬ್ಬರೂ ಒಂದೇ ಅಲ್ವಾ? ಇಬ್ಬರೂ ಹೊಗಳಿದರು, ಇಬ್ಬರೂ ಕಾಣಿಕೆ ಕೊಟ್ಟರು. ವ್ಯತ್ಯಾಸ ಇರುವುದು ಎರಡು ಕಡೆ. ಖಾಜಿ ತೈಮೂರನನ್ನು ಹೊಗಳಿದ್ದು ಊರಿನವರ ಮುಂದೆ. ಅತಿಥಿ ಹೊಗಳಿದ್ದು ತೈಮೂರನ ಮುಂದೆ. ಮೊದಲನೆಯದಕ್ಕೆ ಇನ್ನೊಬ್ಬರು ಬೆಲೆ ತೆರಬೇಕಾಗುತ್ತದೆ.

ಎರಡನೆಯದು, ಏನು ಕೇಳಿದರು ಎನ್ನುವುದು. ಒಂದು ದಿನ ಅತಿಥಿ ತಮ್ಮ ಕಷ್ಟ ಹೇಳಿಕೊಂಡರು. ಹುಟ್ಟಿದ ಮಗ್ರೆಬ್ಬಿಗೂ ದೂರ, ಮನೆಮಂದಿ ಇರುವ ಕೈರೋಗೂ ದೂರ, ಎರಡೆರಡು ಪರದೇಶ ನನಗೆ ಎಂದು. ಏನು ಬೇಕು ಎಂದ ತೈಮೂರ. ಆಗ ಅವರು ಕೇಳಿದ್ದು, ಸುಲ್ತಾನ ಬಿಟ್ಟುಹೋದ ಜನರ ಬಗ್ಗೆ. ಕುರಾನ್ ಓದುವವರು, ಗುಮಾಸ್ತರು, ಕಚೇರಿಯ ಅಧಿಕಾರಿಗಳು. ಇವರೆಲ್ಲ ಎಲ್ಲಿಗೂ ಹೋಗಲಾರದೆ ಸಿಕ್ಕಿಬಿದ್ದವರು. ಇವರಿಗೆ ಅಭಯ ಕೊಡಿ, ಕೆಲಸಕ್ಕೆ ಸೇರಿಸಿಕೊಳ್ಳಿ. ಬಾಯಿಮಾತಲ್ಲ, ಬರೆದು ಕೊಡಿ. ತೈಮೂರ ಬರೆಸಿ ಮೊಹರು ಹಾಕಿಸಿದ.

ಊರನ್ನು ಉಳಿಸಿ ಎಂದು ಅವರು ಕೇಳಲಿಲ್ಲ. ಇದು ನನ್ನನ್ನು ತುಂಬಾ ಕಾಡಿದ ಭಾಗ. ಕೇಳಬೇಕಿತ್ತಾ? ಅವರು ಊರಿನ ಪ್ರತಿನಿಧಿಯಾಗಿ ಹೋದವರಲ್ಲ. ತಮ್ಮ ಜೀವ ಉಳಿಸಿಕೊಳ್ಳಲು ಹೋದವರು. ಆದರೂ ಸಿಕ್ಕ ಒಂದೇ ಅವಕಾಶದಲ್ಲಿ ತಮ್ಮಂತೆಯೇ ಸಿಕ್ಕಿಬಿದ್ದವರನ್ನು ನೆನೆದರು. ತಾವು ಗುರುತಿಸಬಲ್ಲ ಒಂದು ಗುಂಪು, ಅವನು ಖರ್ಚಿಲ್ಲದೆ ಕೊಡಬಲ್ಲ ಒಂದು ಮಾತು, ಕೈಯಲ್ಲಿ ಹಿಡಿಯಬಲ್ಲ ಒಂದು ಕಾಗದ. ಅಷ್ಟಕ್ಕೇ ಕೈ ಹಾಕಿದರು.

ಏನಾಯಿತು

ಬಾಗಿಲು ತೆರೆದ ಮೇಲೆ ಹಣದ ಮಾತು ಬಂತು. ಮೊದಲು ಹತ್ತು ಲಕ್ಷ ದೀನಾರ್ ಎಂಬ ಒಪ್ಪಂದ. ಖಾಜಿ ಮತ್ತು ಜೊತೆಯವರು ಮನೆಮನೆಯಿಂದ ಸಂಗ್ರಹಿಸಿ ಒಯ್ದರು. ತೈಮೂರ ಸಿಟ್ಟಾದ. ನಾನು ಹೇಳಿದ್ದು ಸಾವಿರ ತೊಮಾನ್ ಎಂದ. ಒಂದು ತೊಮಾನ್ ಅಂದರೆ ಹತ್ತು ಸಾವಿರ ದೀನಾರ್. ಅಂದರೆ ಒಂದು ಕೋಟಿ. ಹತ್ತು ಪಟ್ಟು.

ಖಾಜಿ ಇಲ್ಲಿ ನಿಲ್ಲಬಹುದಿತ್ತು. ಒಪ್ಪಂದ ಮುರಿದದ್ದು ಅವನು. ನನ್ನ ಕೆಲಸ ಮುಗಿಯಿತು ಎಂದು ಜನರ ಮುಂದೆ ಹೇಳಿ ಮನೆಯಲ್ಲಿ ಕೂರಬಹುದಿತ್ತು. ಜೀವ ಹೋಗುತ್ತಿತ್ತೇನೋ. ಆದರೆ ಜನರಿಗೆ ಒಂದು ನಿಜ ಗೊತ್ತಾಗುತ್ತಿತ್ತು. ಅವರು ಹಿಂದಕ್ಕೆ ಬಂದು ಮತ್ತೆ ವಸೂಲಿಗಿಳಿದರು. ಜಾಮೀನು ನಿಂತವನಿಗೆ ಬೇರೆ ದಾರಿ ಕಾಣುವುದಿಲ್ಲ. ಇಷ್ಟು ಕೊಟ್ಟಾಗಿದೆ, ಇನ್ನಷ್ಟು ಕೊಟ್ಟರೆ ಮೊದಲು ಕೊಟ್ಟದ್ದಾದರೂ ಉಳಿಯುತ್ತದೆ ಎಂದು ಅನಿಸುತ್ತದೆ. ಗಂಡಸರು, ಹೆಂಗಸರು, ಮಕ್ಕಳು, ತಲೆಗಿಷ್ಟು ಎಂದು ಕಂದಾಯ ಬಿತ್ತು. ಮಸೀದಿ, ಮದರಸಾಗಳಿಗೆ ಬಿಟ್ಟ ದತ್ತಿ ಆಸ್ತಿಯ ಮೇಲೂ ಬಿತ್ತು. ಗೋಧಿಯ ಬೆಲೆ ಬಡವರ ಕೈಗೆ ಸಿಗದಷ್ಟು ಏರಿತು.

ಅತ್ತ ಒಳಕೋಟೆಯ ಮೇಲೆ ಕವಣೆ ಯಂತ್ರಗಳು, ಉರಿಯೆಣ್ಣೆ. ಕಿಲ್ಲೇದಾರ ಕೆಲವೇ ಜನರನ್ನು ಇಟ್ಟುಕೊಂಡು ವಾರಗಟ್ಟಲೆ ತಡೆದ. ಸಹಾಯಕ್ಕೆ ಯಾರೂ ಬರಲಿಲ್ಲ. ಕೊನೆಗೆ ಅವನೂ ಶರಣಾದ. ಅಲ್ಲಿವರೆಗೆ ತೈಮೂರನ ಬೇಡಿಕೆಗೆ ಒಂದು ಮಿತಿಯಾದರೂ ಇತ್ತು. ಒಳಕೋಟೆ ಬಿದ್ದ ಮೇಲೆ ಆ ಮಿತಿಯೂ ಹೋಯಿತು. ತಂದ ಹಣ ನಮ್ಮ ಲೆಕ್ಕದಲ್ಲಿ ಮೂವತ್ತು ಲಕ್ಷ ಮಾತ್ರ, ಇನ್ನೂ ಎಪ್ಪತ್ತು ಲಕ್ಷ ಬಾಕಿ ಎಂದ. ಆಮೇಲೆ ಈಜಿಪ್ಟಿನವರು ಬಿಟ್ಟುಹೋದ ಸಾಮಾನೆಲ್ಲ ಕೊಡಿ ಎಂದ. ಕೊಟ್ಟರು. ಊರು ಬಿಟ್ಟು ಓಡಿದವರ ಆಸ್ತಿ ಕೇಳಿದ. ಅದನ್ನೂ ಕೊಟ್ಟರು. ಆಯುಧ, ಕುದುರೆ, ಒಂಟೆ ಯಾವುದೂ ಉಳಿಯಲಿಲ್ಲ.

ಕೊನೆಯ ಬೇಡಿಕೆ ಒಂದು ಬರವಣಿಗೆ. ಊರಿನ ಕೇರಿಗಳು, ಬೀದಿಗಳು, ಓಣಿಗಳು, ಎಲ್ಲದರ ಪಟ್ಟಿ ಬರೆದುಕೊಡಿ ಎಂದ. ಖಾಜಿಯ ಕಡೆಯವರು ಬರೆದರು. ಅವರಿಗಿಂತ ಚೆನ್ನಾಗಿ ಆ ಊರನ್ನು ಬಲ್ಲವರು ಯಾರು? ಯಾವ ಓಣಿಯಲ್ಲಿ ಯಾವ ಮಸೀದಿ, ಯಾವ ತಿರುವಿನಲ್ಲಿ ಯಾವ ಬಾವಿ, ಯಾರ ಮನೆಯ ವ್ಯಾಜ್ಯ ಯಾವಾಗ ಬಂದಿತ್ತು, ಯಾವ ಅಂಗಡಿಯ ಬಾಡಿಗೆ ಯಾವ ದತ್ತಿಗೆ ಸೇರುತ್ತದೆ, ಒಬ್ಬ ಖಾಜಿಗೆ ಇದೆಲ್ಲ ತಿಳಿದಿರುತ್ತದೆ. ಆ ತಿಳಿವಳಿಕೆಯೆಲ್ಲ ಕಾಗದಕ್ಕೆ ಇಳಿಯಿತು. ತೈಮೂರ ಆ ಪಟ್ಟಿಯನ್ನು ಹಿಡಿದು ಬೀದಿಗಳನ್ನು ತನ್ನ ಸರದಾರರಿಗೆ ಹಂಚಿದ.

ಸರದಾರರು ತಮ್ಮ ತಮ್ಮ ಪಾಲಿಗೆ ಬಂದ ಬೀದಿಗೆ ಇಳಿದರು. ಅದರ ವಿವರ ಬೇಡ. ಮಾರ್ಚ್ ಮಧ್ಯದಲ್ಲಿ ಊರಿಗೆ ಬೆಂಕಿ ಬಿತ್ತು. ಬೆಂಕಿ ಮಸೀದಿಗೂ ಹತ್ತಿ, ಚಾವಣಿಯ ಸೀಸ ಕರಗಿ ಹರಿಯಿತು. ಅಭಯಪತ್ರ ಓದಿದ್ದ ಮಸೀದಿ ಅದು. ಊರಿನ ಕುಶಲಕರ್ಮಿಗಳನ್ನು ತೈಮೂರನ ರಾಜಧಾನಿ ಸಮರಕಂದಕ್ಕೆ ಹೊರಡಿಸಿದರು. ಖಾಜಿ ಅದೇ ವರ್ಷ ತೀರಿಕೊಂಡರು.

ಈ ಪ್ರಕರಣವನ್ನು ಹೇಗೆ ಓದಬೇಕು

ಮೊದಲು ಒಂದು ಎಚ್ಚರಿಕೆ. ಖಾಜಿಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಆ ಈಜಿಪ್ಟಿನ ಚರಿತ್ರೆಯಿಂದ ಬಂದದ್ದು. ಅದನ್ನು ಬರೆದವನು ಆ ದಿನಗಳನ್ನು ಕಣ್ಣಾರೆ ಕಂಡವನಲ್ಲ. ಅವನ ತಂದೆ ಇದೇ ದಂಡಯಾತ್ರೆಯಲ್ಲಿ ಸುಲ್ತಾನನ ಕಡೆಯ ದೊಡ್ಡ ಸರದಾರ. ಊರನ್ನು ಬಿಟ್ಟುಹೋದ ಪಾಳಯದವರು. ಬಿಟ್ಟುಹೋದವರ ಮನೆಯಲ್ಲಿ, ಉಳಿದವರ ತಪ್ಪಿನ ಕಥೆ ಸ್ವಲ್ಪ ದೊಡ್ಡದಾಗಿಯೇ ಬೆಳೆಯುತ್ತದೆ. ಅತಿಥಿಯ ಬಗ್ಗೆ ಗೊತ್ತಿರುವುದು ಅತಿಥಿಯೇ ಬರೆದದ್ದು. ಖಾಜಿಗೆ ಬರೆಯುವಷ್ಟು ಸಮಯ ಸಿಗಲಿಲ್ಲ.

ಎರಡನೆಯದಾಗಿ, ಖಾಜಿ ಹೋಗದಿದ್ದರೆ ಊರು ಉಳಿಯುತ್ತಿತ್ತಾ? ನನಗೆ ಹಾಗನಿಸುವುದಿಲ್ಲ. ಅಲೆಪ್ಪೋ ಕಾದಾಡಿತು, ಅದೂ ಹಾಳಾಯಿತು. ಫಲಿತಾಂಶ ನೋಡಿ ಅವರನ್ನು ದೂರುವುದು ಸುಲಭ. ಹಾಗೆ ಮಾಡಿದರೆ ಕಲಿಯಬೇಕಾದ್ದನ್ನು ಕಲಿಯುವುದಿಲ್ಲ.

ಕಲಿಯಬೇಕಾದ್ದು ನನ್ನ ದೃಷ್ಟಿಯಲ್ಲಿ ಇಷ್ಟು. ಧರ್ಮಪಂಡಿತರನ್ನು ಸಂಧಾನಕ್ಕೆ ಕಳಿಸುವುದು ಅವರ ಮಾತಿಗೆ ತೂಕ ಇದೆ ಎಂದು. ಆ ತೂಕ ಇರುವುದು ಯಾರ ಹತ್ತಿರ? ಅವರ ಊರಿನವರ ಹತ್ತಿರ. ಎದುರಾಳಿಯ ಮೇಲೆ ಅವರಿಗೆ ಯಾವ ಹಿಡಿತವೂ ಇಲ್ಲ. ಹಾಗಾಗಿ ಅವರು ಎದುರಾಳಿಯನ್ನು ಒಪ್ಪಿಸುವುದಕ್ಕಿಂತ ತಮ್ಮವರನ್ನೇ ಒಪ್ಪಿಸುವುದು ಬಹಳ ಸುಲಭ. ಜಾಣ ಎದುರಾಳಿಗೆ ಇದು ಗೊತ್ತಿರುತ್ತದೆ. ಗೋಡೆಯ ಕೆಳಗೆ ನಿಂತು ಬುದ್ಧಿವಂತನನ್ನು ಕಳಿಸಿ ಎಂದು ಕೂಗಿದ್ದು ನಿಜವೇ ಆಗಿದ್ದರೆ, ತೈಮೂರನಿಗೆ ಬೇಕಿದ್ದದ್ದು ಒಳಗಿನವರು ನಂಬುವ ಒಂದು ದನಿ.

ಖಾಜಿ ಮೊದಲ ಸಲ ವಾಪಸ್ ಬಂದ ಆ ಸಂಜೆ ಅವರ ಕೈಯಲ್ಲಿ ಇನ್ನೂ ಎಲ್ಲ ಇತ್ತು. ಬಾಗಿಲು ಮುಚ್ಚಿತ್ತು. ಜನರಲ್ಲಿ ಕಾದಾಡುವ ಮನಸ್ಸಿತ್ತು. ಒಳಕೋಟೆ ಗಟ್ಟಿಯಾಗಿತ್ತು. ನಾಳೆ ಮತ್ತೆ ಹೋಗಿ, ಹಣ ಎಷ್ಟು, ಯಾವ ನಾಣ್ಯದ ಲೆಕ್ಕ, ಹಣ ಕೊಟ್ಟ ಮೇಲೆ ನಿಮ್ಮ ದಂಡು ಯಾವತ್ತು ಹೊರಡುತ್ತದೆ ಎಂದು 'ಬುದ್ಧಿವಂತ'ನೊಬ್ಬ ಕೇಳಬೇಕಾದ ಪ್ರಶ್ನೆಗಳನ್ನು ಕೇಳಬಹುದಿತ್ತು. ದೀನಾರ್ ಮತ್ತು ತೊಮಾನ್ ನಡುವಿನ ಗೊಂದಲ ಬಾಗಿಲು ತೆರೆಯುವ ಮೊದಲೇ ಬಯಲಾಗುತ್ತಿತ್ತು. ಕಿಲ್ಲೇದಾರನ ಹಟವನ್ನು ಅಡ್ಡಿ ಎಂದು ನೋಡುವ ಬದಲು, ನಾವು ಒಪ್ಪಿದರೂ ಅವನು ಒಪ್ಪುತ್ತಿಲ್ಲ, ಅವನನ್ನು ಒಪ್ಪಿಸಲು ನೀವೇನು ಕೊಡುತ್ತೀರಿ ಎಂದು ಅದನ್ನೇ ಮಾತುಕತೆಗೆ ಬಳಸಬಹುದಿತ್ತು. ಇವೆಲ್ಲ ವ್ಯಾಪಾರಿಗಳಿಗೆ ತಕ್ಷಣ ಹೊಳೆಯುವ ಮಾತು. ಪವಿತ್ರ ಭೂಮಿ, ದಾನ ಎಂಬ ಮಾತಿನ ಮುಂದೆ ಇಂಥ ಪ್ರಶ್ನೆ ಕೇಳುವುದು ಅಸಭ್ಯ ಅನಿಸುತ್ತದೆ. ಖಾಜಿಗೆ ಹಾಗನಿಸಿರಬೇಕು.

ಬರೆದುಕೊಟ್ಟದ್ದರ ಬಗ್ಗೆಯೂ ಒಂದು ಮಾತು. ಇಬ್ಬರ ಹತ್ತಿರವೂ ತೈಮೂರ ಒಂದೇ ಕೇಳಿದ: ನಿಮಗೆ ಗೊತ್ತಿರುವ ನೆಲವನ್ನು ಬರೆದುಕೊಡಿ. ಅತಿಥಿ ಬರೆದದ್ದು ತಿಂಗಳುಗಟ್ಟಲೆ ದೂರದ ಮಗ್ರೆಬ್ ಬಗ್ಗೆ. ತೈಮೂರ ಅಲ್ಲಿಗೆ ಯಾವತ್ತೂ ಹೋಗಲಿಲ್ಲ. ಕೈರೋಗೆ ಮರಳಿದ ಮೇಲೆ ಅತಿಥಿ ಇನ್ನೊಂದು ಕಾಗದ ಬರೆದರು. ಮಗ್ರೆಬ್ಬಿನ ದೊರೆಗೆ, ತೈಮೂರ ಯಾರು, ಅವನ ಜನ ಎಂಥವರು, ಡಮಾಸ್ಕಸ್ಸಿನಲ್ಲಿ ಏನು ನಡೆಯಿತು ಎಂದು. ಎರಡು ಕಡೆಗೂ ಬರೆದರು ಎಂದು ಅವರನ್ನು ಆಕ್ಷೇಪಿಸುವವರಿದ್ದಾರೆ. ನನಗೆ ಅದು ಸಮಾಧಾನ ಕೊಡುತ್ತದೆ. ಒಂದು ಕಡೆ ಕೊಟ್ಟ ಮಾಹಿತಿಗೆ ಇನ್ನೊಂದು ಕಡೆ ಎಚ್ಚರಿಕೆಯನ್ನಾದರೂ ಕೊಟ್ಟರು. ಖಾಜಿಯ ಕಡೆಯವರು ಬರೆದ ಪಟ್ಟಿಗೆ ಅಂಥ ಎರಡನೇ ಕಾಗದ ಸಾಧ್ಯವಿರಲಿಲ್ಲ. ಆ ಬೀದಿಗಳಲ್ಲಿ ಅವರದೇ ಮನೆಗಳಿದ್ದವು.

ಅತಿಥಿ ಹೊರಡುವ ಮೊದಲು ತೈಮೂರ ಕೇಳಿದ್ದು ಅವರ ಹೇಸರಗತ್ತೆಯ ಬಗ್ಗೆ. ಇಲ್ಲಿ ನಿಮ್ಮದೊಂದು ಹೇಸರಗತ್ತೆ ಇದೆಯಾ? ಇದೆ. ಚೆನ್ನಾಗಿದೆಯಾ? ಚೆನ್ನಾಗಿದೆ. ನನಗೆ ಮಾರುತ್ತೀರಾ? ನನ್ನಂಥವನು ನಿಮ್ಮಂಥವರಿಗೆ ಮಾರುವುದುಂಟೇ, ಹಾಗೇ ತೆಗೆದುಕೊಳ್ಳಿ ಎಂದರು ಅತಿಥಿ. ಕೊಟ್ಟರು. ಕೈರೋಗೆ ಬರುವ ದಾರಿಯಲ್ಲಿ ಅವರನ್ನೂ ಜೊತೆಯವರನ್ನೂ ದರೋಡೆಕೋರರು ಮೈಮೇಲಿನ ಬಟ್ಟೆ ಸಹಿತ ದೋಚಿದರು. ಮಾರ್ಚಿನಲ್ಲಿ ಮನೆ ಸೇರಿದರು. ಆಮೇಲೊಂದು ದಿನ, ತೈಮೂರನ ಬಳಿಗೆ ಹೋಗಿದ್ದ ಸುಲ್ತಾನನ ದೂತ ಹಿಂದಿರುಗಿದಾಗ, ಹೇಸರಗತ್ತೆಯ ಬೆಲೆ ಬಂತು. ಅತಿಥಿ ಅದನ್ನು ಮುಟ್ಟಲಿಲ್ಲ. ನನ್ನ ಸುಲ್ತಾನರ ಅಪ್ಪಣೆ ಇಲ್ಲದೆ ಈ ಹಣ ತೆಗೆದುಕೊಳ್ಳುವುದಿಲ್ಲ ಎಂದರು. ಅರಮನೆಗೆ ಹೋಗಿ ವಿಷಯ ತಿಳಿಸಿದರು. ತೆಗೆದುಕೊಂಡರೆ ತಪ್ಪೇನು ಎಂದು ಅಲ್ಲಿಂದ ಉತ್ತರ ಬಂದ ಮೇಲೆಯೇ ಅದನ್ನು ಕೈಗೆ ತೆಗೆದುಕೊಂಡರು. ಹಣ ಸ್ವಲ್ಪ ಕಡಿಮೆ ಇತ್ತು. ತಂದವನು, ನನಗೆ ಕೊಟ್ಟದ್ದೇ ಇಷ್ಟು ಎಂದು ಕ್ಷಮೆ ಕೇಳಿದ.